ರಾಗಿ ಹೊಲದಲ್ಲಿ ಸಾಫ್ಟ್‌ಬಾಲ್

ನನ್ನ ಬಲಗೈ ಉಂಗುರದ ಬೆರಳು ತುದಿಯಲ್ಲಿ ಸ್ವಲ್ಪ ಸೊಟ್ಟಗಿದೆ. ನೋಡಿದವರು ಬಾಗಿಲ ಸಂದಿಗೆ ಸಿಕ್ಕಿತ್ತೇ ಎಂದು ಕೇಳುತ್ತಾರೆ. ಅಲ್ಲ, ಸಾಫ್ಟ್‌ಬಾಲ್ ಆಡುವಾಗ ಆದದ್ದು ಎಂದರೆ ನಗುತ್ತಾರೆ. ಗಂಡಸರು, ಹೆಂಗಸರು ಒಂದೇ ತಂಡದಲ್ಲಿ ಆಡುತ್ತಿದ್ದೆವು, ನಾನು ಸೀರೆಯುಟ್ಟೇ ಆಡಿದ್ದು ಎಂದರೆ ಇನ್ನೂ ನಗುತ್ತಾರೆ. ನಗಲಿ. ಬೆರಳಂತೂ ಸೊಟ್ಟಗೇ ಇದೆ.

ಅರವತ್ತರ ದಶಕದ ಆರಂಭ. ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯ ಕಾಯಿಲ್ ಸೆಕ್ಷನ್ನಿನಲ್ಲಿ ನನಗೆ ಕೆಲಸ. ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯನ್ನು ತುಂಡಾಗದಂತೆ ಸುತ್ತುವುದು. ಆ ಕೆಲಸ ನನಗೆ ಸಿಕ್ಕಿದ್ದು ಜಮೀನಿನ ದೆಸೆಯಿಂದ. ಕಾರ್ಖಾನೆಗೆಂದು ಸರ್ಕಾರ ಸುತ್ತಮುತ್ತಲ ಹೊಲಗಳನ್ನು ತೆಗೆದುಕೊಂಡಾಗ ಶೆಟ್ಟಿಹಳ್ಳಿಯ ನಮ್ಮ ಮನೆಯ ರಾಗಿ ಹೊಲವೂ ಹೋಯಿತು. ಆಮೇಲೆ ಹೊಲ ಕೊಟ್ಟ ಮನೆಗಳಿಂದ ಒಬ್ಬೊಬ್ಬರನ್ನು ಕೆಲಸಕ್ಕೆ ಕರೆದರು. ನನ್ನ ತಮ್ಮ ಇನ್ನೂ ಗೋಲಿ ಆಡಿಕೊಂಡಿದ್ದ. ಎಂಟನೇ ಕ್ಲಾಸು ಪಾಸಾದವಳು ಮನೆಯಲ್ಲಿ ನಾನೊಬ್ಬಳೇ. ಅಪ್ಪ 'ಓಗು' ಎಂದ, ಅಷ್ಟೇ.

ತಂತಿ ಬೇಲಿ ಎದ್ದ ದಿನದಿಂದ ಅಪ್ಪ ಆ ಕಡೆ ತಲೆ ಹಾಕಿದವನಲ್ಲ. ಕೆರೆಯಾಚೆ ನಮಗೆ ಬೇರೆ ಹೊಲವಿತ್ತು, ಊಟಕ್ಕೇನೂ ಕೊರತೆಯಿರಲಿಲ್ಲ. ಆದರೆ ಯಶವಂತಪುರದ ಸಂತೆಗೆ ಹೋಗುವಾಗಲೂ ಬೇಲಿ ಕಣ್ಣಿಗೆ ಬೀಳದ ಹಾಗೆ ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಿದ್ದ. ಎತ್ತುಗಳಿಗೂ ಅದೇ ದಾರಿ ರೂಢಿಯಾಗಿತ್ತು. ಹೀಗೆ ಏಳು ವರ್ಷ. ಕಾರ್ಖಾನೆಯ ಹೆಸರು ಅವನ ಬಾಯಲ್ಲಿ ಬರುತ್ತಿರಲಿಲ್ಲ. 'ನಮ್ ಒಲ್ದಾಗೆ ಕಟ್ಟವ್ರಲ್ಲ, ಅದು' ಎನ್ನುತ್ತಿದ್ದ.

ನಿಜವಾಗಿ ನಮ್ಮ ಹೊಲದಲ್ಲಿ ಏನನ್ನೂ ಕಟ್ಟಿರಲಿಲ್ಲ. ಬಾವಿಗೆ ಮಣ್ಣು ತುಂಬಿ, ನೆಲ ಮಟ್ಟ ಮಾಡಿ, ಆಟದ ಮೈದಾನ ಎಂದು ಬಿಟ್ಟಿದ್ದರು. ಇದನ್ನು ನಾನು ಅಪ್ಪನಿಗೆ ಹೇಳಿರಲಿಲ್ಲ. ಅದು ನಮ್ಮ ಹೊಲವಾಗಿತ್ತು ಎಂದು ಕಾರ್ಖಾನೆಯವರಿಗೂ ಹೇಳಿರಲಿಲ್ಲ. 'ಅಯ್ಯೋ ಪಾಪ' ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿ.

ಆಟ ತಂದವರು ನಮ್ಮ ವೆಲ್‌ಫೇರ್ ಆಫೀಸರು. ಮದ್ರಾಸಿನಲ್ಲಿ ಯಾವುದೋ ತರಬೇತಿಗೆ ಹೋದವರು ಅಲ್ಲಿ ಈ ಆಟ ನೋಡಿ ಮರುಳಾಗಿ, ನಾಲ್ಕು ಚರ್ಮದ ಕೈಗವುಸು, ಎರಡು ಚೆಂಡು ಹಿಡಿದುಕೊಂಡೇ ಬಂದರು. ಬ್ಯಾಟನ್ನು ಬಡಗಿ ಶಾಪಿನಲ್ಲಿ ಕಡೆಸಿದರು. ಅದು ನಮ್ಮ ಮನೆಯ ಒನಕೆಗಿಂತ ಸ್ವಲ್ಪ ಹಗುರವಾಗಿತ್ತು, ಅಷ್ಟೇ. ನಾಲ್ಕು ಸೆಕ್ಷನ್ನುಗಳಿಂದ ನಾಲ್ಕು ತಂಡ. ಹೆಂಗಸರದ್ದೇ ಒಂದು ತಂಡ ಮಾಡುವಷ್ಟು ಜನ ಯಾವ ಸೆಕ್ಷನ್ನಿನಲ್ಲೂ ಇರಲಿಲ್ಲವಾದ್ದರಿಂದ ಒಂಬತ್ತು ಜನರಲ್ಲಿ ಮೂವರಾದರೂ ಹೆಂಗಸರಿರಬೇಕು ಎಂದು ಅವರೇ ನಿಯಮ ಮಾಡಿದರು.

ಆಟ ಕಷ್ಟದ್ದಲ್ಲ. ಚೌಕದ ನಾಲ್ಕು ಮೂಲೆಗೆ ಮರಳು ತುಂಬಿದ ನಾಲ್ಕು ಗೋಣಿಮೂಟೆ. ಚೆಂಡು ಹೊಡೆದವರು ಬ್ಯಾಟು ಬಿಸಾಕಿ, ಒಂದೊಂದೇ ಮೂಟೆ ಮುಟ್ಟುತ್ತ ಸುತ್ತು ಹಾಕಿ, ಹೊರಟಲ್ಲಿಗೇ ಬಂದರೆ ಒಂದು ಓಟ. ಒಂದೇ ಸಲಕ್ಕೆ ಸುತ್ತು ಮುಗಿಯದಿದ್ದರೆ ನಡುವಿನ ಮೂಟೆಯ ಮೇಲೆ ನಿಂತು, ಮುಂದಿನವರು ಹೊಡೆದಾಗ ಮತ್ತೆ ಓಡಬಹುದು. ಹೊರಡುವ ಮೂಟೆಗೆ ನಾವು 'ಮನೆ' ಎನ್ನುತ್ತಿದ್ದೆವು. ಓಡುವವರನ್ನು ಔಟ್ ಮಾಡಬೇಕೆಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಅವರ ಮೈ ಮುಟ್ಟಬೇಕು. ಹೊಡೆದವರು ಮೊದಲ ಮೂಟೆಗೆ ಬರುವ ಮುಂಚೆ ಚೆಂಡು ಅಲ್ಲಿಗೆ ತಲುಪಿದರೂ ಔಟು.

ಇಷ್ಟನ್ನು ತಲೆಗೆ ತುಂಬಿಕೊಳ್ಳಲು ನಮಗೆ ಎರಡು ತಿಂಗಳು ಬೇಕಾಯಿತು. ನಮ್ಮ ಕ್ಯಾಪ್ಟನ್, ಅಂದರೆ ಸೆಕ್ಷನ್ನಿನ ಸೂಪರ್‌ವೈಸರು, ಕ್ರಿಕೆಟ್ ಹುಚ್ಚಿನವರು. ಪ್ರತಿ ಸಲವೂ ಬ್ಯಾಟು ಹಿಡಿದುಕೊಂಡೇ ಓಡಿ ಹೋಗಿ ಅದರಿಂದ ಮೂಟೆಯನ್ನು ಕುಟ್ಟುತ್ತಿದ್ದರು. ವೆಲ್‌ಫೇರ್ ಆಫೀಸರು 'ಬಿಸಾಕ್ರೀ ಅದನ್ನ' ಎಂದು ಹಿಂದೆಯೇ ಓಡುತ್ತಿದ್ದರು. ನನ್ನ ಕಾಯಿಲೆ ಬೇರೆ. ನಾನು ಲಗೋರಿ ಆಡಿ ಬೆಳೆದವಳು. ಲಗೋರಿಯಲ್ಲಿ ಓಡುವವನ ಬೆನ್ನಿಗೆ ಚೆಂಡು ಬಿದ್ದರೆ ಅವನು ಔಟು. ಅದೂ ಅಲ್ಲದೆ ಚಿಕ್ಕವಳಿದ್ದಾಗ ಇದೇ ಹೊಲದಲ್ಲಿ ಅಟ್ಟಣೆ ಹತ್ತಿ ಕೂತು ಗಿಣಿಗಳಿಗೆ ಕಲ್ಲು ಬೀಸಿದ ಕೈ ಇದು. ಯಾರಾದರೂ ಬೆನ್ನು ತೋರಿಸಿ ಓಡಿದರೆ ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಅಭ್ಯಾಸದ ದಿನಗಳಲ್ಲಿ ಸೆಕ್ಷನ್ನಿನ ಗಂಡಸರಲ್ಲಿ ಅರ್ಧ ಜನ ನನ್ನಿಂದ ಪೆಟ್ಟು ತಿಂದಿದ್ದರು.

ಯಶವಂತಪುರದ ರೈಲ್ವೆ ಕ್ವಾರ್ಟರ್ಸಿನಿಂದ ಬರುತ್ತಿದ್ದ ತಮಿಳು ಹುಡುಗಿಯೊಬ್ಬಳು ಕೆಲಸದಲ್ಲಿ ನನ್ನ ಪಕ್ಕದ ಸ್ಟೂಲಿನವಳು. ಆಟದಲ್ಲಿ 'ಮನೆ' ಕಾಯುವವಳು. 'ಹೊಡೀಬೇಡ ಕಣೇ, ಮುಟ್ಟು. ಮುಟ್ಟಿದ್ರೆ ಸಾಕು' ಎಂದು ದಿನಕ್ಕೆ ಹತ್ತು ಸಲ ನನಗೆ ಜಪ ಮಾಡಿಸುತ್ತಿದ್ದಳು.

ಇಷ್ಟರಲ್ಲಿ ಅಬ್ಬಿಗೆರೆಯ ನಮ್ಮ ಸೋದರತ್ತೆಗೆ ಸುದ್ದಿ ಮುಟ್ಟಿತು. ಒಂದು ಸಂಜೆ ಬಂದವಳು ಜಗಲಿಯ ಮೇಲೆ ಕೂತು, ನಿನ್ನ ಮಗಳು ಸೆರಗು ಸಿಕ್ಕಿಸಿಕೊಂಡು ಗಂಡಸರ ಜೊತೆ ಚೆಂಡಾಡುತ್ತಾಳಂತೆ ಎಂದು ಅಪ್ಪನಿಗೆ ಒಪ್ಪಿಸಿದಳು. ಅಪ್ಪ ನನ್ನನ್ನು ಕರೆದು ಕೇಳಿದ. ನಾನು ಹೌದು ಎಂದೆ. ಸುಳ್ಳು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ, ನನಗೆ ಬರಲಿಲ್ಲ.

ಅಪ್ಪ ಬಾಯಲ್ಲಿದ್ದ ಎಲೆ ಅಡಿಕೆ ಉಗಿದ. 'ಯಾವತ್ತು ಆಟ?'

'ಬರೋ ಭಾನುವಾರ. ಮನೇವ್ರೂ ಬರ್ಬೋದು.'

'ಬರ್ತೀನಿ. ನನ್ ಕಣ್ಗೆ ಸರಿ ಕಾಣ್ಲಿಲ್ಲ ಅಂದ್ರೆ ಆಟ ಒಂದೇ ಅಲ್ಲ, ಕೆಲ್ಸನೂ ಸಾಕು. ಮನೇಲಿರು.'

ನನಗೆ ಆ ಕೆಲಸ ಬೇಕಿತ್ತು. ಆ ಸ್ಟೂಲು ಬೇಕಿತ್ತು, ಪಕ್ಕದವಳ ಹರಟೆ ಬೇಕಿತ್ತು, ತಂತಿ ತುಂಡಾಗದೆ ಕೊನೆಯ ಸುತ್ತು ಮುಗಿದಾಗ ಆಗುವ ಖುಷಿ ಬೇಕಿತ್ತು. ಅಪ್ಪ ಏಳು ವರ್ಷ ಮುಖ ತಿರುಗಿಸಿದ್ದ ನೆಲಕ್ಕೆ ಬರುತ್ತಾನೆ, ಬಂದು ತನ್ನ ಹೊಲದ ಪಾಡನ್ನೂ ನನ್ನ ಪಾಡನ್ನೂ ಒಟ್ಟಿಗೇ ನೋಡುತ್ತಾನೆ ಎಂದು ಹೆದರಿದೆ.

ಭಾನುವಾರ ಬೆಳಿಗ್ಗೆ ಅಪ್ಪ ಮಡಿ ಪಂಚೆ ಉಟ್ಟು, ಹೆಗಲಿಗೆ ಟವೆಲು ಹಾಕಿಕೊಂಡು ನನ್ನ ಜೊತೆ ಹೊರಟ. ಗೇಟಿನಲ್ಲಿ ಪಾಸು ತೋರಿಸಿ ನಾನೇ ಒಳಗೆ ಕರೆದುಕೊಂಡು ಹೋದೆ. ಮೈದಾನ ಕಾಣುತ್ತಿದ್ದಂತೆ ಅವನ ನಡಿಗೆ ನಿಧಾನವಾಯಿತು. ಶಾಮಿಯಾನದ ಕೆಳಗೆ ಕುರ್ಚಿ ಹಾಕಿದ್ದರು. ಅಲ್ಲಿ ಕೂರದೆ ದೂರದ ಮೂಲೆಗೆ ಹೋಗಿ, ಕಡಿದು ಬಿಟ್ಟಿದ್ದ ಹುಣಸೆ ಮರದ ಬುಡದ ಮೇಲೆ ಕುಕ್ಕರಗಾಲಲ್ಲಿ ಕೂತ. ಆ ಮರದ ನೆರಳಲ್ಲಿ ಅವ್ವ ಬುತ್ತಿ ಬಿಚ್ಚುತ್ತಿದ್ದದ್ದು ನನಗೆ ನೆನಪಿದೆ. ಮರದಿಂದ ನಾಲ್ಕು ಮಾರು ದೂರದಲ್ಲೇ ನಮ್ಮ ಬಾವಿ ಇತ್ತು. ಈಗ ಅಲ್ಲಿ ಬರೀ ಹುಲ್ಲು.

ಬೆಳಿಗ್ಗೆ ನಾವು ಟೂಲ್ ರೂಮಿನವರನ್ನು ಸೋಲಿಸಿದೆವು. ನಾನು ಒಂದು ಓಟ ಹೊಡೆದೆ, ಯಾರ ಬೆನ್ನಿಗೂ ಹೊಡೆಯಲಿಲ್ಲ. ಹುಣಸೆ ಬುಡದ ಕಡೆ ನೋಡಿದರೆ ಅಪ್ಪ ಕಲ್ಲಿನಂತೆ ಕೂತಿದ್ದ. ಮುಖದಲ್ಲಿ ಸರಿ ಕಂಡ ಲಕ್ಷಣವೂ ಇಲ್ಲ, ಕಾಣದ ಲಕ್ಷಣವೂ ಇಲ್ಲ.

ಫೈನಲ್ ಸ್ಟೋರ್ಸಿನವರ ಮೇಲೆ. ಸ್ಟೋರ್ಸ್ ಎಂದರೆ ಒಂದು ಸೂಜಿ ಬೇಕಾದರೂ ಮೂರು ಚೀಟಿ ಬರೆಸಿಕೊಳ್ಳುವ ಸೆಕ್ಷನ್ನು. ಅದರ ಮುಖ್ಯಸ್ಥರು ಭಾರೀ ಮೈಯ ಆಫೀಸರು. ಎದುರಿಗೆ ಬಂದರೆ ನಾವು ಗೋಡೆಗೆ ಸರಿದು ದಾರಿ ಬಿಡುತ್ತಿದ್ದೆವು. ಅವರೂ ಪ್ಯಾಂಟು ಮಡಿಸಿಕೊಂಡು ಆಟಕ್ಕಿಳಿದಿದ್ದರು.

ಕೊನೆಯ ಸರದಿ ಅವರದು. ನಾವು ಒಂದು ಓಟ ಮುಂದಿದ್ದೆವು, ಇನ್ನೊಬ್ಬರು ಔಟಾದರೆ ಬಹುಮಾನದ ಕಪ್ಪು ನಮ್ಮದು. ಎರಡನೇ ಮೂಟೆಯ ಮೇಲೆ ಆ ಆಫೀಸರು ಏದುಸಿರು ಬಿಡುತ್ತ ನಿಂತಿದ್ದರು. ಬ್ಯಾಟು ಹಿಡಿದವಳು ಅವರ ಆಫೀಸಿನ ಟೈಪಿಸ್ಟು, ಫ್ರಾಕು ತೊಟ್ಟ ಆಂಗ್ಲೋ ಇಂಡಿಯನ್ ಹುಡುಗಿ, ಜಿಂಕೆಯಂತೆ ಓಡುವವಳು. ನಾನು ಎರಡನೇ ಮತ್ತು ಮೂರನೇ ಮೂಟೆಗಳ ನಡುವೆ ಇದ್ದೆ. ಅದು ನಮ್ಮ ಹಳೆಯ ಕಣದ ಜಾಗ, ನೆಲ ಬಂಡೆಯಂತೆ ಗಟ್ಟಿ. ಅವಳು ಹೊಡೆದ ಚೆಂಡು ಆ ಗಟ್ಟಿ ನೆಲದ ಮೇಲೆ ಪುಟಿದು ನೆಟ್ಟಗೆ ನನ್ನ ಕೈಗೇ ಬಂತು. ಹಿಡಿದ ಏಟಿಗೆ ಉಂಗುರದ ಬೆರಳು ಲಟಕ್ ಎಂದಿತು. ನೋವು ಗೊತ್ತಾಗಲಿಲ್ಲ. ಚೆಂಡನ್ನು ಮೊದಲ ಮೂಟೆಗೆ ಎಸೆದಿದ್ದರೆ ಆಟ ಮುಗಿಯುತ್ತಿತ್ತು. ಅಷ್ಟೇ ಕೆಲಸ.

ಆದರೆ ಎದುರಿಗೆ ಆ ಅಗಲವಾದ ಬೆನ್ನು ಮೂರನೇ ಮೂಟೆಯ ಕಡೆ ಓಡುತ್ತಿತ್ತು.

ನಾನು ಬೀಸಿಯೇಬಿಟ್ಟೆ. ಚೆಂಡು ಆಫೀಸರ ಎರಡು ಹೆಗಲ ನಡುವೆ ಹೋಗಿ ಬಡಿದ ಸದ್ದು ಶಾಮಿಯಾನದವರೆಗೂ ಕೇಳಿಸಿತಂತೆ. ಅವರು 'ಅಮ್ಮಾ' ಎಂದು ಮುಗ್ಗರಿಸಿ, ಬೀಳದೆ, ಸಾವರಿಸಿಕೊಂಡು ಓಡುತ್ತಲೇ ಇದ್ದರು. ಅವರ ಬೆನ್ನಿನಿಂದ ಸಿಡಿದ ಚೆಂಡು ಮೂಲೆಯ ಹುಲ್ಲಿನ ಕಡೆ ಹಾರಿ ಮಾಯವಾಯಿತು. ನಮ್ಮವರು ಮೂವರು ಹುಡುಕಲು ಓಡಿದರು. ಆಫೀಸರು 'ಮನೆ' ಮುಟ್ಟಿದರು. ಓಟ ಸಮ ಆಯಿತು. ಟೈಪಿಸ್ಟು ಎರಡನೇ ಮೂಟೆ ದಾಟಿದ್ದಳು. ನಾನು ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟಿದ್ದೆ. ದೊಡ್ಡ ಆಫೀಸರಿಗೆ ಹೊಡೆದೆ, ಕಪ್ಪು ಹೋಯಿತು, ಅಪ್ಪ ನೋಡುತ್ತಿದ್ದಾನೆ, ಇನ್ನು ಕೆಲಸವೂ ಹೋಯಿತು. ತಲೆಯಲ್ಲಿ ಇಷ್ಟೇ ತಿರುಗುತ್ತಿತ್ತು.

ಆಗ ಹುಣಸೆ ಬುಡದಿಂದ ಕೂಗು ಬಂತು.

'ಬಾವ್ಯಾಗ್ ಬಿತ್ತು ಕಣಮ್ಮಿ. ಬಾವ್ಯಾಗೆ ನೋಡು, ಬಾವ್ಯಾಗೆ.'

ಅಪ್ಪ ಎದ್ದು ನಿಂತಿದ್ದ. ಟವೆಲನ್ನು ಗಾಳಿಯಲ್ಲಿ ಬೀಸುತ್ತಿದ್ದ. ಬಾವಿಯೇ ಇಲ್ಲದ ಮೈದಾನದಲ್ಲಿ ಯಾವ ಬಾವಿ ಎಂದು ನಮ್ಮವರು ಗಾಬರಿಯಾಗಿ ಅತ್ತಿತ್ತ ನೋಡಿದರು. ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾವಿಗೆ ತುಂಬಿದ ಮಣ್ಣು ಮಳೆಗೆ ಕುಸಿದು ಅಲ್ಲಿ ಮೊಣಕಾಲುದ್ದದ ಗುಂಡಿಯಾಗಿತ್ತು, ಮೇಲೆ ಹುಲ್ಲು ಮುಚ್ಚಿತ್ತು. ಕಣ್ಣು ಮುಚ್ಚಿಕೊಂಡು ಓಡಿದರೂ ಆ ಜಾಗಕ್ಕೆ ನಾನು ಹೋಗಬಲ್ಲೆ. ಹುಲ್ಲಿನೊಳಗೆ ಕೈ ಹಾಕಿದೆ, ಚೆಂಡು ಸಿಕ್ಕಿತು. ಟೈಪಿಸ್ಟು ಮೂರನೇ ಮೂಟೆ ದಾಟಿ 'ಮನೆ'ಯ ಕಡೆ ತಿರುಗಿದ್ದಳು. ಅವಳ ಬೆನ್ನೂ ಚೆನ್ನಾಗಿಯೇ ಕಾಣುತ್ತಿತ್ತು. ಹಲ್ಲು ಕಚ್ಚಿ, ಬೆನ್ನು ಬಿಟ್ಟು, 'ಮನೆ' ಕಾಯುತ್ತಿದ್ದ ನನ್ನ ಗೆಳತಿಯ ಕೈಗವುಸಿಗೆ ಗುರಿಯಿಟ್ಟು ಎಸೆದೆ. ಗೆಳತಿ ಹಿಡಿದು, ಬಗ್ಗಿ, ಮುಟ್ಟಿದಳು. ಔಟ್.

ಓಟ ಸಮ. ಸಮವಾದರೆ ಇನ್ನೂ ಆಡಬೇಕಿತ್ತಂತೆ. ಆದರೆ ಕಪ್ಪು ಕೊಡಲು ಬಂದ ದೊಡ್ಡ ಸಾಹೇಬರಿಗೆ ಊಟದ ಹೊತ್ತು ಮೀರಿತ್ತು. ಆರು ತಿಂಗಳು ನಮ್ಮಲ್ಲಿ, ಆರು ತಿಂಗಳು ಸ್ಟೋರ್ಸಿನಲ್ಲಿ ಇರಲಿ ಎಂದು ಅವರೇ ತೀರ್ಮಾನಿಸಿದರು. ಸ್ಟೋರ್ಸಿನವರು ಅದಕ್ಕೂ ಚೀಟಿ ಬರೆಸಿಕೊಂಡರು.

ಗೆಳತಿ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. 'ಬಾವಿ ಎಲ್ಲೇ ಇದೆ ಇಲ್ಲಿ? ಆ ಯಜಮಾನ್ರಿಗೆ ಹೆಂಗ್ ಗೊತ್ತಾಯ್ತು?'

'ತೋಡ್ಸಿದ್ದೇ ಅವ್ರು' ಎಂದೆ. 'ನಮ್ಮಪ್ಪ. ಇದು ನಮ್ ಹೊಲ ಆಗಿತ್ತು.'

ಅವಳು 'ಅಯ್ಯೋ ಪಾಪ' ಎನ್ನಲಿಲ್ಲ. 'ಮೊದ್ಲೇ ಹೇಳೋದಲ್ವೇನೇ, ಎಲ್ಲೆಲ್ಲಿ ಗುಂಡಿ ಇದೆ ಅಂತ ತಿಳ್ಕೊಂಡಿದ್ರೆ ಗೆದ್ದೇ ಬಿಡ್ತಿದ್ವಿ' ಎಂದು ರೇಗಿದಳು. ಇಷ್ಟು ದಿನ ಸುಮ್ಮನೆ ಬಾಯಿ ಬಿಗಿಹಿಡಿದಿದ್ದೆ ಎನ್ನಿಸಿತು.

ಬೆನ್ನು ನೀವಿಕೊಳ್ಳುತ್ತ ಆಫೀಸರು ನಮ್ಮ ಕಡೆಗೇ ಬಂದರು. ಅಷ್ಟರಲ್ಲಿ ಅಪ್ಪ ಮೈದಾನದ ನಡುವೆಯೇ ನಡೆದುಕೊಂಡು ಬಂದು ನನಗಿಂತ ಮುಂದೆ ನಿಂತ. 'ತಪ್ ತಿಳ್ಕಬ್ಯಾಡಿ ಸ್ವಾಮಿ. ಚಿಕ್ಕೋಳಿದ್ದಾಗ ಇಲ್ಲೇ ಗಿಣಿ ಓಡ್ಸಿ ಅಭ್ಯಾಸ.'

ಆಫೀಸರು ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. 'ಗಿಣಿಗಳು ವಾಪಸ್ ಬಂದಿರಲ್ಲ ಬಿಡಿ' ಎಂದು ನಕ್ಕರು. ಅಪ್ಪನೂ ನಕ್ಕ. ಆ ನೆಲದ ಮೇಲೆ ಅಪ್ಪ ನಕ್ಕದ್ದನ್ನು ನೋಡಿ ನನಗೆ ಅಳು ಬಂತು, ಬೆರಳು ನೋಯುತ್ತಿದೆ ಎಂದು ಹೇಳಿ ಕಣ್ಣೊರೆಸಿಕೊಂಡೆ.

ಮನೆಗೆ ಹೋಗುವಾಗ ಅಪ್ಪ ಕೆರೆ ಏರಿಯ ದಾರಿ ಹಿಡಿಯಲಿಲ್ಲ, ಬೇಲಿಯ ಪಕ್ಕದಲ್ಲೇ ನಡೆದ. ಸರಿ ಕಂಡಿತೋ ಇಲ್ಲವೋ ಹೇಳಲಿಲ್ಲ. ಕೇಳಲು ನನಗೆ ಧೈರ್ಯವಾಗಲಿಲ್ಲ. ಅರ್ಧ ದಾರಿಯಾದ ಮೇಲೆ ಬಾಯಿ ಬಿಟ್ಟ.

'ಬಾವಿ ಸರ್ಯಾಗ್ ಮುಚ್ಚಿಲ್ಲ ಅವ್ರು. ಮುಂದಿನ್ ಸಲ ನೀವ್ ಆಡೋ ಒತ್ಗೆ ಎರಡ್ ಗಾಡಿ ಮಣ್ಣು ಬೀಳ್ಬೇಕು. ನಿಮ್ ಆಪೀಸರ್‌ಗೆ ಏಳು.'

ಮುಂದಿನ ಸಲ ಎಂದಿದ್ದ. ಸೊಟ್ಟ ಬೆರಳು ಊದಿಕೊಂಡು ಬದನೆಕಾಯಿಯಾಗಿತ್ತು, ಆದರೂ ಅಲ್ಲೇ ಕುಣಿಯೋಣ ಎನ್ನಿಸಿತು. ಕುಣಿಯಲಿಲ್ಲ. 'ಹೇಳ್ತೀನಿ' ಎಂದೆ.

ಮಣ್ಣು ಅಪ್ಪನೇ ತರುತ್ತಾನೆ ಎಂದಾಗ ವೆಲ್‌ಫೇರ್ ಆಫೀಸರು ಸಂತೋಷದಿಂದ ಗೇಟಿಗೆ ಚೀಟಿ ಬರೆದುಕೊಟ್ಟರು. ಮರು ಭಾನುವಾರ ಅಪ್ಪ ಗಾಡಿಯ ತುಂಬ ಕೆರೆ ಮಣ್ಣು ಹೇರಿಕೊಂಡು ಹೊರಟ, ಚೀಟಿ ಹಿಡಿದು ನಾನು ಪಕ್ಕದಲ್ಲಿ ನಡೆದೆ. ಗೇಟಿನಲ್ಲಿ ಹೊಸ ಕಾವಲುಗಾರ. ಅಡ್ಡ ಬಂದು ನಿಂತ.

'ಯಾರ್ರೀ ನೀವು? ಒಳಗೇನ್ ಕೆಲ್ಸ?'

ಏಳು ವರ್ಷದಿಂದ ಅಪ್ಪನ ನಾಲಿಗೆಯ ತುದಿಯಲ್ಲಿದ್ದ ಉತ್ತರ ನನಗೆ ಗೊತ್ತಿತ್ತು. ಇದು ನನ್ನ ಹೊಲ ಎನ್ನುತ್ತಾನೆ, ಜಗಳ ಹತ್ತುತ್ತದೆ ಎಂದುಕೊಂಡೆ.

ಅಪ್ಪ ಹಗ್ಗ ಜಗ್ಗಿ ಎತ್ತುಗಳನ್ನು ನಿಲ್ಲಿಸಿದ.

'ನನ್ ಮಗ್ಳು ಇಲ್ಲಿ ಆಡ್ತಾಳೆ' ಎಂದ. 'ಕಾಲ್ ಉಳುಕ್ಬಾರ್ದಲ್ಲ, ಅದ್ಕೆ ಮಣ್ ತಂದಿವ್ನಿ.'

ಕಾವಲುಗಾರ ಒಮ್ಮೆ ನನ್ನನ್ನು ನೋಡಿ, ಏನೂ ಕೇಳದೆ ಅಡ್ಡಗಂಬ ಎತ್ತಿದ. ಗಾಡಿ ಒಳಗೆ ಹೋಯಿತು. ಚೀಟಿ ನನ್ನ ಕೈಯಲ್ಲೇ ಉಳಿಯಿತು.