ಬೂದಿಕಾಳಿನ ಪೇಟೆಂಟು

ಆ ದಿನ ಬೆಳಿಗ್ಗೆ ನಲ್ಲಿ ನೀರು ಬರುವ ಸರದಿ. ಎದ್ದವಳೇ ನೀರಿನ ಸಂಪಿನೊಳಗೆ ಪೈಪು ಇಳಿಸಿ, ನೀರು ಬೀಳುವ ಸದ್ದಿಗೆ ಒಂದು ಕಿವಿ ಕೊಟ್ಟುಕೊಂಡೇ ಅಂಗಳ ಗುಡಿಸಿ ರಂಗೋಲಿ ಹಾಕಿದೆ. ಪಡ್ಡಿನ ಹಂಚಿಗೆ ಎಣ್ಣೆ ಸವರುತ್ತಿರುವಾಗ ನಮ್ಮನೆಯವರು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೆಳಗೆ ಲುಂಗಿ.

"ಕಂಪ್ಯೂಟರ್‌ನಾಗ ಎದಿ ಮಟ ಅಷ್ಟೇ ಕಾಣೋದು," ಎಂದರು, ನಾನು ಬಾಯಿ ತೆರೆಯುವ ಮೊದಲೇ.

"ಸಾಹೇಬ್ರು ಕಂಡ ಕೂಡ್ಲೇ ಎದ್ದು ನಿಂತು ಕೈ ಮುಗಿಯಾಕ ಹೋಗಬ್ಯಾಡ್ರಿ ಮತ್ತೆ."

ಅವರು ನಗಲಿಲ್ಲ. ಎರಡು ಪಡ್ಡು ತಿಂದು ಸಾಕೆಂದರು. ಯಾವಾಗಲೂ ಹನ್ನೆರಡಕ್ಕೆ ಕಡಿಮೆ ಇಲ್ಲ.

ಹನ್ನೊಂದಕ್ಕೆ ಪೇಟೆಂಟ್ ಕಚೇರಿಯ ಅಧಿಕಾರಿ ವಿಡಿಯೋದಲ್ಲಿ ಇವರ ಅರ್ಜಿಯ ವಿಚಾರಣೆ ನಡೆಸುವವರಿದ್ದರು. ಇವರು ಹರಿಹರದ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಇಡೀ ನೌಕರಿ ಕಳೆದವರು. ಬೇರೆಯವರು ಮಾಡಿದ್ದನ್ನು ಪರೀಕ್ಷಿಸಿ, ಬೇರೆಯವರ ಸಹಿಗೆ ಕಳಿಸುವುದೇ ಕೆಲಸ. ನಿವೃತ್ತಿಯಾದ ಮೇಲೆ ಗುತ್ತೂರಿನ ಹತ್ತಿರ ಒಂದು ಶೆಡ್ಡು ಬಾಡಿಗೆಗೆ ಹಿಡಿದರು. ಮಲೆಬೆನ್ನೂರಿನ ಅಕ್ಕಿ ಗಿರಣಿಗಳಿಂದ ಭತ್ತದ ಹೊಟ್ಟಿನ ಬೂದಿ ತರಿಸಿ, ಅದರಿಂದ ಸಾಬೂದಾಣಿಯಷ್ಟು ಸಣ್ಣ ಕಾಳು ಮಾಡತೊಡಗಿದರು. ಆ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ ಅಂತೆ. ಕಾಳಿನ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ಗೋಬರ್ ಗ್ಯಾಸನ್ನು ಈ ಕಾಳು ತುಂಬಿದ ಕೊಳವೆಯಲ್ಲಿ ಹಾಯಿಸಿದರೆ ಅದರ ತೇವವೂ, ಪೈಪು ಒಲೆಗಳನ್ನು ತಿಂದುಹಾಕುವ ಕೊಳೆತ ಮೊಟ್ಟೆ ವಾಸನೆಯ ಅನಿಲವೂ ರಂಧ್ರಗಳಲ್ಲಿ ಅಂಟಿಕೊಂಡು, ಶುದ್ಧವಾದ ಗ್ಯಾಸು ಆಚೆ ಬರುತ್ತದೆ.

ಮೊದಮೊದಲು ಪೇಟೆಯ ಅಂಟು ಹಾಕಿ ಉಂಡೆ ಕಟ್ಟುತ್ತಿದ್ದರು. ರಂಧ್ರ ಸಾಲುತ್ತಿರಲಿಲ್ಲ. ಒಂದು ದಿನ ನನ್ನ ಕಾಟನ್ ಸೀರೆಗೆಂದು ತೆಗೆದಿಟ್ಟ ಗಂಜಿ ಮರೆತುಹೋಗಿ ಹುಳಿ ಬಂದು ನೊರೆ ಎದ್ದಿತ್ತು. ಚೆಲ್ಲುವ ಮೊದಲು, "ಇದನ್ನ ಹಾಕಿ ನೋಡ್ರಿ, ಹಿಟ್ಟು ಹುಳಿ ಬಂದ್ರ ತೂತು ಬೀಳ್ತಾವಲ್ಲ," ಎಂದೆ. ಅಷ್ಟೇ ನನ್ನ ವಿಜ್ಞಾನ. ಸುಟ್ಟ ಮೇಲೆ ನೋಡಿದರೆ ಕಾಳಿನಲ್ಲಿ ಬೇಕಾದಷ್ಟು ರಂಧ್ರ ಬಿದ್ದಿತ್ತು. ಅರ್ಜಿ ಬರೆಯುವಾಗ ಸಂಶೋಧಕರ ಕಾಲಂನಲ್ಲಿ ನನ್ನ ಹೆಸರನ್ನೂ ಹಾಕಿದರು. "ಗಂಜಿಗೆಲ್ಲ ಯಾರ್ರೀ ಹೆಸರು ಹಾಕ್ತಾರ?" ಎಂದು ನಾಚಿಕೊಂಡೆ. ಅಳಿಸಲಿಲ್ಲ ಅವರು.

ಅರ್ಜಿಯ ಇಂಗ್ಲಿಷನ್ನು ಅಡುಗೆಮನೆಯ ಮೇಜಿನ ಮೇಲೆ ನಾನೇ ತಿದ್ದಿದ್ದೆ. ಪೇಟೆಂಟಿನಲ್ಲಿ ನಮ್ಮದೆಂದು ಕೇಳುವ ಒಂದೊಂದು ಹಕ್ಕೂ ಒಂದೇ ವಾಕ್ಯದಲ್ಲಿರಬೇಕು. ಅರ್ಧ ಪುಟ ಹರಿದರೂ ಪೂರ್ಣವಿರಾಮ ಒಂದೇ. ನಮ್ಮ ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ಕೆಂಪು ಶಾಯಿಯ ದೌತಿ ಬರಿದಾಗುತ್ತಿತ್ತು.

ಅಧಿಕಾರಿಯ ಮೊದಲ ಪತ್ರದಲ್ಲಿ ಆಕ್ಷೇಪಗಳೇ ಇದ್ದವು. ಹೊಟ್ಟಿನ ಬೂದಿಯ ಸಿಲಿಕಾ ಹಳೆಯದು, ಅದರಿಂದ ಅನಿಲ ಶುದ್ಧಿ ಮಾಡುವುದೂ ಹಳೆಯದು, ನಿಮ್ಮದರಲ್ಲಿ ಹೊಸತೇನು? ಹುಳಿ ಗಂಜಿ ಮತ್ತು ಕಾಳನ್ನು ಸುಡುವ ಕ್ರಮ ಎಂದು ಉತ್ತರ ಬರೆದಿದ್ದೆವು. ಆ ಒಂದು ಉತ್ತರದ ಮೇಲೆ ಇವರ ಮೂರು ವರ್ಷ ನಿಂತಿತ್ತು. ಜೀವಮಾನದಲ್ಲಿ ಮೊದಲ ಸಲ ತಮ್ಮದು ಎನ್ನುವ ಒಂದು ಕಾಗದ ಬೇಕಿತ್ತು ಅವರಿಗೆ.

ವಿಚಾರಣೆ ಶುರುವಾಯಿತು. ಪರದೆಯ ಒಂದು ಚೌಕದಲ್ಲಿ ಅಧಿಕಾರಿ, ಇನ್ನೊಂದರಲ್ಲಿ ನಮ್ಮ ಪರವಾಗಿ ವಾದಿಸುವ ಪೇಟೆಂಟ್ ಏಜೆಂಟ್ ಹುಡುಗಿ, ಮೂರನೆಯದರಲ್ಲಿ ಇವರು. ನಾನು ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದ ಸ್ಟೂಲಿನ ಮೇಲೆ ಕಾಗದ ಹಿಡಿದು ಕೂತಿದ್ದೆ. ಎಲ್ಲ ಚೆನ್ನಾಗಿಯೇ ಸಾಗಿತ್ತು. ಗಂಜಿಯ ವಿಷಯಕ್ಕೆ ಬಂದಾಗ ಅಧಿಕಾರಿ ತಲೆದೂಗಿದಂತೆಯೂ ಕಂಡಿತು. ಕೊನೆಗೆ ಅವರು ಸಹಜವಾಗಿಯೇ ಕೇಳಿದರು: ಅರ್ಜಿ ಹಾಕುವ ಮೊದಲು ಈ ವಿಧಾನವನ್ನು ಯಾರಿಗಾದರೂ ಹೇಳಿದ್ದಿರಾ, ಎಲ್ಲಾದರೂ ಬರೆದಿದ್ದಿರಾ?

"ಇಲ್ಲ ಸರ್. ನನ್ನ ಹೆಂಡತಿಯೊಬ್ಬಳಿಗೆ ಗೊತ್ತು," ಎಂದರು ಇವರು. ಅಧಿಕಾರಿ ನಕ್ಕರು.

ನನಗೆ ಅರ್ಜಿ ಹಾಕುವುದಕ್ಕೆ ಮುಂಚಿನ ಶ್ರಾವಣ ನೆನಪಿಗೆ ಬಂತು. ಅರಿಶಿನ-ಕುಂಕುಮಕ್ಕೆ ಬಂದವರಿಗೆ ಉಡುಗೊರೆಯಾಗಿ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕೊಟ್ಟು ಬೇಸರವಾಗಿ, ಆ ವರ್ಷ ಹಳೆಯ ರವಿಕೆ ಬಟ್ಟೆಯಲ್ಲಿ ಪುಟ್ಟ ಚೀಲ ಹೊಲಿದು ಒಂದೊಂದು ಮುಷ್ಟಿ ಕಾಳು ತುಂಬಿ ಕೊಟ್ಟಿದ್ದೆ. ಫ್ರಿಜ್ಜಿನಲ್ಲಿಟ್ಟರೆ ವಾಸನೆ ಹೀರುತ್ತದೆಂದು. ಚೀಲ ಕೊಟ್ಟದ್ದು ಇವರಿಗೆ ಗೊತ್ತು. ಆದರೆ ಪ್ರತಿ ಚೀಲದೊಳಗೂ ದುಂಡಗಿನ ಅಕ್ಷರದಲ್ಲಿ ಒಂದು ಚೀಟಿ ಬರೆದಿಟ್ಟಿದ್ದೆ: ಮಾಡುವ ವಿಧಾನ. ನಮ್ಮಲ್ಲಿ ಹಾಗೇ ಅಲ್ಲವೇ? ಚಟ್ನಿಪುಡಿ ಕೊಟ್ಟು, ಹೇಗೆ ಮಾಡಿದ್ದೆಂದು ಹೇಳದಿದ್ದರೆ ಜನ ಏನೆಂದಾರು?

ಸುಮ್ಮನಿರಬಹುದಿತ್ತು. ಅರಿಶಿನ-ಕುಂಕುಮದ ಚೀಟಿಯನ್ನು ಪೇಟೆಂಟ್ ಕಚೇರಿಯವರು ಎಲ್ಲಿ ಹುಡುಕಿಯಾರು? ಆದರೆ ಇವರ ಬಾಯಿಂದ ಸುಳ್ಳು ಹೊರಟಿತ್ತು, ಅದು ಸುಳ್ಳೆಂದು ಇವರಿಗೇ ಗೊತ್ತಿರಲಿಲ್ಲ. ಕಾಗದದ ಅಂಚಿನಲ್ಲಿ 'ನಾನು ಬರೆದು ಕೊಟ್ಟಿದ್ದೇನೆ, ಶ್ರಾವಣದಲ್ಲಿ' ಎಂದು ಗೀಚಿ ಮುಂದೆ ಸರಿಸಿದೆ. ಓದಿದರು. ಕನ್ನಡಕ ತೆಗೆದರು, ಹಾಕಿಕೊಂಡರು.

"ಸರ್, ಒಂದು ನಿಮಿಷ," ಎಂದರು. ಎಲ್ಲವನ್ನೂ ಹೇಳಿಬಿಟ್ಟರು. ಅಧಿಕಾರಿ ಈಗ ನಗಲಿಲ್ಲ. ಹದಿನೈದು ದಿನದೊಳಗೆ ಬರವಣಿಗೆಯಲ್ಲಿ ವಿವರಣೆ ಕೊಡಿ ಎಂದು ಮುಗಿಸಿದರು.

ಸ್ವಲ್ಪ ಹೊತ್ತಿಗೆ ಏಜೆಂಟ್ ಹುಡುಗಿಯ ಫೋನು ಬಂತು. "ಆಂಟಿ, ಕಾಳುಗಳನ್ನೇ ಹಂಚಿರೋದ್ರಿಂದ ಕಾಳಿನ ಮೇಲಿನ ಹಕ್ಕು ಉಳಿಯೋದು ಕಷ್ಟ. ಮಾಡೋ ವಿಧಾನದ ಹಕ್ಕನ್ನಾದ್ರೂ ಉಳಿಸಿಕೊಳ್ಳೋಣ. ಒಂದೇ ಪ್ರಶ್ನೆ: ಆ ಚೀಟಿ ಓದಿ ಬೇರೆಯವರು ಇದನ್ನ ಮಾಡೋಕಾಗುತ್ತಾ? ಆಗುತ್ತೆ ಅಂದ್ರೆ ಅದೂ ಹೋಯ್ತು."

ಇವರು ಊಟಕ್ಕೆ ಕೂತವರು ಅನ್ನ ಕಲೆಸುತ್ತಲೇ ಇದ್ದರು.

"ಏನೇನ್ ಬರ್ದಿದ್ದಿ, ಹೇಳು."

"ಬೂದಿ ಜರಡಿ ಹಿಡೀಬೇಕು. ಮೂರು ದಿನದ ಹುಳಿ ಗಂಜಿಯಾಗ ನಾದಬೇಕು. ಸಣ್ಣ ಉಂಡಿ ಮಾಡಿ ನೆರಳಾಗ ಒಣಗಿಸಬೇಕು. ಆಮೇಲೆ ಸುಡಬೇಕು."

"ಹೆಂಗ ಸುಡಬೇಕು ಅಂತ?"

"ಸುಡಬೇಕು ಅಂತಷ್ಟೇ. ನಿಮಗೇ ಆವಾಗ ಸರಿಯಾಗಿ ಗೊತ್ತಿರ್ಲಿಲ್ಲಲ್ರಿ."

ನಿಜವೇ. ಬಿಸಿಯನ್ನು ಎಷ್ಟು ನಿಧಾನವಾಗಿ ಏರಿಸಬೇಕು, ಹೊಗೆ ನಿಲ್ಲುವ ತನಕ ಎಲ್ಲಿ ತಡೆದು ನಿಲ್ಲಿಸಬೇಕು ಎನ್ನುವುದನ್ನು ಆ ಶ್ರಾವಣ ಕಳೆದ ಮೇಲೆ, ಕುಲುಮೆಯ ಮುಂದೆ ಕೂತು ಕೂತು ಕಂಡುಕೊಂಡಿದ್ದರು. ಆದರೂ ಮುಖ ಅರಳಲಿಲ್ಲ.

"ಸುಡೋದು ಯಾರಿಗೆ ಬರಾಂಗಿಲ್ಲ, ಹೆಂಗೋ ಸುಟ್ಕಂತಾರ ಅಂತಾರ ಆ ಸಾಹೇಬ್ರು. ಇಲ್ಲ ಅನ್ನಾಕ ನಮ್ ಹತ್ರ ಏನ್ ಪುರಾವೆ ಐತೆ?" ಎಂದು ಕೈ ತೊಳೆದರು. ನನ್ನ ಮೇಲೆ ರೇಗಿದ್ದರೆ ಹಗುರವಾಗುತ್ತಿತ್ತು.

ಮಧ್ಯಾಹ್ನವೆಲ್ಲ ನಾನು ಅದನ್ನೇ ಯೋಚಿಸಿದೆ. ಪೇಟೆಂಟು ಎಂದರೆ ಗುಟ್ಟು ಎಂದುಕೊಂಡಿದ್ದೆ, ಹಾಗಲ್ಲ. ಅದೂ ಕೊನೆಗೆ ಕೇಳುವುದು ಇದನ್ನೇ: ಹೇಗೆ ಮಾಡಿದೆ, ಏನನ್ನೂ ಬಿಡದೆ ಬರೆದು ಕೊಡು, ಎಲ್ಲರೂ ಓದಲಿ. ನಾನೂ ಬರೆದು ಕೊಟ್ಟೆ. ಸರ್ಕಾರಕ್ಕಿಂತ ಮೊದಲು ಓಣಿಗೆ ಕೊಟ್ಟೆ, ಅಷ್ಟೇ ವ್ಯತ್ಯಾಸ. ಆ ಅಷ್ಟಕ್ಕೆ ಒಬ್ಬರ ಮೂರು ವರ್ಷ ಹೋಗಬಹುದೆಂದು ಯಾವ ಶಾಲೆಯಲ್ಲೂ ನನಗೆ ಕಲಿಸಿರಲಿಲ್ಲ. ಯಾರ ಯಾರ ಮನೆಗೆ ಚೀಲ ಹೋಗಿತ್ತೆಂದು ಬೆರಳು ಮಡಿಚಿ ನೆನಪು ಮಾಡಿಕೊಂಡೆ. ಹೋಗಿ ಏನೆಂದು ಕೇಳುವುದು? ಕೊಟ್ಟದ್ದನ್ನು ವಾಪಸು ಕೇಳಿದಂತೆ ಅನಿಸಿತು.

ಸಂಜೆ ಇವರು ಜಗುಲಿಯ ಕುರ್ಚಿಯಲ್ಲಿ ಕೂತಿದ್ದರು. ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯಾಕೆ ಕರಿಬೇವು ಕೇಳಿಕೊಂಡು ಕಾಂಪೌಂಡಿನ ಹತ್ತಿರ ಬಂದಳು. ಬೆಳಗಿನ ಸುದ್ದಿ ಅವಳಿಗೆ ಏನೂ ಗೊತ್ತಿಲ್ಲ. ಎರಡು ಎಸಳು ಕಿತ್ತು ಕೊಟ್ಟೆ. ಹೋಗುತ್ತ ಹೋಗುತ್ತ ತಿರುಗಿ ಅಂದಳು:

"ಅಕ್ಕಾ, ಫ್ರಿಜ್ಜಿಗೆ ಇನ್ನೊಂದು ಮುಷ್ಟಿ ಆ ಕಾಳಿದ್ರ ಕೊಡ್ರಿ. ನಿಮ್ ಚೀಟಿ ನೋಡ್ಕಂಡು ಮಿಲ್ಲಿನ ಬೂದಿ ತರ್ಸಿ ಎರಡು ಸಲ ಮಾಡಿದೆ, ನೀರೊಲಿಗೆ ಹಾಕಿದ್ರ ಎರಡು ಸಲಾನೂ ಪುಡಿಪುಡಿ. ಎಲ್ಲಾ ಬರ್ದಂಗ ಮಾಡಿ ಏನೋ ಒಂದು ಮುಚ್ಚಿಟ್ಕಂಡೀರಿ ಬಿಡ್ರಿ ನೀವು."