ಯದುಲ್ಲಾ ಇಲ್ಲದ ಆರೋಗ್ಯ ಮನೆ

ಇರಾನಿನ ಲುರಿಸ್ತಾನದ ಆ ಹಳ್ಳಿಯಲ್ಲಿ ಖಾವರ್‌ಳ ಸೂಜಿಗೆ ತೋಳು ಕೊಡದೆ ಬೆಳೆದ ಮಕ್ಕಳಿಲ್ಲ. ಅವಳೂ ಅವಳ ಗಂಡ ಯದುಲ್ಲಾನೂ ಮಸೀದಿಯ ಪಕ್ಕದ ಎರಡು ಕೋಣೆಯ ಆರೋಗ್ಯ ಮನೆಯನ್ನು ನಡೆಸುತ್ತಿದ್ದರು. ಇಬ್ಬರೂ ಅದೇ ಊರಿನಲ್ಲಿ ಹುಟ್ಟಿದವರು, ತರಬೇತಿಗೆಂದು ಪಟ್ಟಣಕ್ಕೆ ಹೋಗಿ ಬಂದು ಮದುವೆಯಾದವರು. ನೀರು, ಕಕ್ಕಸು, ಶಾಲೆಯ ಮಕ್ಕಳು ಅವನ ಪಾಲು. ಬಸುರಿ, ಬಾಣಂತಿ, ಕೂಸುಗಳು ಅವಳ ಪಾಲು. ಅವಳ ತಾಯಿಯ ಕಾಲದಲ್ಲಿ ಪ್ರತಿ ಮನೆಯವರಿಗೂ ಗೋರಿಗುಡ್ಡದಲ್ಲಿ ಒಂದಾದರೂ ಸಣ್ಣ ಗೋರಿ ಇರುತ್ತಿತ್ತು. ಈಗ ಅಂಥವು ಏಳುವುದು ನಿಂತಿತ್ತು. ಬಾರದೇ ಹೋದ ಸಾವನ್ನು ಯಾರೂ ನೆನೆಯುವುದಿಲ್ಲ, ಊರೂ ನೆನೆಯಲಿಲ್ಲ.

ಆಮೇಲೆ ಹೊಸ ಕ್ರಮ ಬಂತು. ಹಳ್ಳಿಯವರಿಗೆಲ್ಲ ಸರ್ಕಾರವೇ ವಿಮೆ ಮಾಡಿಸಿತು, ಆದರೆ ದಾರಿ ಒಂದೇ. ಮೊದಲು ಆರೋಗ್ಯ ಮನೆ, ಅಲ್ಲಿಂದ ಹೋಬಳಿಯ ಡಾಕ್ಟರು, ಅವರು ಬರೆದುಕೊಟ್ಟರೆ ಮಾತ್ರ ಖುರ್ರಮಾಬಾದಿನ ದೊಡ್ಡ ಆಸ್ಪತ್ರೆ. ನೆಗಡಿಯಾದರೂ ನೇರ ಪಟ್ಟಣದ ತಜ್ಞರ ಬಳಿ ಓಡುವ ಚಾಳಿ ಹೀಗೇ ಮುಂದುವರಿದರೆ ವಿಮೆಯ ಗಡಿಗೆಯ ತಳ ಒಡೆಯುತ್ತದೆ ಎಂದು ಮೇಲಿನವರು ಲೆಕ್ಕ ಹಾಕಿದ್ದರು. ಲೆಕ್ಕ ಸರಿಯೇ ಇತ್ತು. ಆದರೆ ಬಾಗಿಲಲ್ಲಿ ನಿಂತು ‘ಇಲ್ಲ’ ಅನ್ನಬೇಕಾದ ಮುಖ ಯದುಲ್ಲಾನದು.

ಒಂದು ದಿನ ಅವನ ಅಣ್ಣ ಹಶ್ಮತ್ ಬಂದ.

“ನಿನ್ನ ಅತ್ತಿಗೇಗೆ ಮಂಡಿ ನೋವು. ಚೀಟಿ ಕೊಡು, ಖುರ್ರಮಾಬಾದಿಗೆ ಕರ್ಕೊಂಡು ಹೋಗ್ತೀನಿ.”

“ಮೊದ್ಲು ನಮ್ಮ ಹೋಬಳಿ ಡಾಕ್ಟರಮ್ಮ ನೋಡ್ಲಿ ಅಣ್ಣ. ಅವರು ಬರೆದ್ರೆ ಹೋಗು.”

“ಒಂದೇ ಹೊಟ್ಟೇಲಿ ಹುಟ್ಟಿದೋನ ಮುಂದೆ ನಾನು ಸರದಿ ನಿಲ್ಬೇಕಾ?”

“ನಿಂಗೊಂದು ಬಾಗ್ಲು, ಊರಿಗೊಂದು ಬಾಗ್ಲು ಇಡೋಕೆ ಇದು ಅಪ್ಪ ಕಟ್ಟಿಸಿದ ಮನೆ ಅಲ್ವಲ್ಲ.”

ಹಶ್ಮತ್ ಎದ್ದು ಹೋದ. ಹೊಸ ವರ್ಷದ ನವ್ರೋಜ್ ಹಬ್ಬಕ್ಕೂ ತಮ್ಮನ ಹೊಸ್ತಿಲು ತುಳಿಯಲಿಲ್ಲ.

ಅದೇ ವರ್ಷ ಶರತ್ಕಾಲದಲ್ಲಿ, ನೀರಿನ ತೊಟ್ಟಿಗೆ ಕ್ಲೋರಿನ್ ಹಾಕಲು ಹೋದ ಯದುಲ್ಲಾ ಅಲ್ಲೇ ಕುಸಿದ. ಜನ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಊರಿಗೆಲ್ಲ ಬಿಪಿ ನೋಡಿದವನು ತನ್ನ ತೋಳನ್ನು ಯಾರಿಗೂ ಕೊಟ್ಟವನಲ್ಲ. ಖಾವರ್ ಕೇಳಿದಾಗಲೆಲ್ಲ, “ನಂಗೇನೇ ಆಗಿದೆ, ಕುದುರೆ ಇದ್ದಂಗಿದೀನಿ” ಎಂದು ನಗುತ್ತಿದ್ದ.

ಹೆಂಗಸರು ಕೆನ್ನೆ ಪರಚಿಕೊಂಡು ಹಾಡಿ ಅತ್ತರು. ಖಾವರ್‌ಗೆ ಅದು ಪಕ್ಕದೂರಿನಲ್ಲಿ ಯಾರೋ ಅತ್ತಂತೆ ಕೇಳಿಸಿತು. ವಾರ ಕಳೆಯುವ ಮೊದಲೇ ಆರೋಗ್ಯ ಮನೆಯ ಬೀಗ ತೆಗೆದಳು. ಒಂದು ಕೂಸಿಗೆ ಲಸಿಕೆ ಹಾಕಬೇಕಿತ್ತು, ಹಾಕಿದಳು. ಕೂಸು ಚೀರಿತು. ಅವಳು ಹತ್ತಿ ಒತ್ತಿ ಹಿಡಿದಳು.

“ರಜೆ ತಗೊಳ್ಳಿ ಖಾವರ್ ಖಾನಂ,” ಎಂದರು ಹೋಬಳಿಯ ಡಾಕ್ಟರಮ್ಮ ನಿಲೂಫರ್.

“ಮನೇಲಿ ಕೂತು ಏನ್ಮಾಡ್ಲಿ ಡಾಕ್ಟರಮ್ಮ? ಅಲ್ಲೂ ಅವರಿಲ್ಲ, ಇಲ್ಲೂ ಅವರಿಲ್ಲ. ಇಲ್ಲಿ ಕೆಲ್ಸಾನಾದ್ರೂ ಇದೆ.”

ಚಳಿಗಾಲದಲ್ಲಿ ಮತ್ತೊಂದು ಆದೇಶ ಬಂತು: ಮೂವತ್ತು ದಾಟಿದವರೆಲ್ಲರ ಬಿಪಿ, ಸಕ್ಕರೆ ನೋಡಬೇಕು, ಎದೆಯ ಕಾಯಿಲೆಯನ್ನು ಬಲಿಯುವ ಮೊದಲೇ ಹಿಡಿಯಬೇಕು. ಹಶ್ಮತ್‌ನ ಮನೆಗೆ ತಾನೇ ಹೋಗುತ್ತೇನೆ ಎಂದರು ನಿಲೂಫರ್. ಬೇಡವೆಂದು ಖಾವರ್ ಒಬ್ಬಳೇ ಹೋದಳು.

ಹಶ್ಮತ್ ಒಲೆಯ ಪಕ್ಕ ಚಹಾ ಹಿಡಿದು ಕೂತಿದ್ದ. ಅವಳ ಕೈಯ ಬಿಪಿ ಯಂತ್ರ ನೋಡಿ ತುಟಿ ಸೊಟ್ಟ ಮಾಡಿದ.

“ನಿನ್ ಗಂಡನ್ನ ಉಳಿಸ್ದೇ ಇರೋ ಡಬ್ಬಿ ನನ್ನ ಉಳಿಸುತ್ತಾ?”

ಅವನ ಹೆಂಡತಿ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು. ಖಾವರ್‌ಗೆ ಎಲ್ಲೂ ಚುಚ್ಚಲಿಲ್ಲ.

“ಅವರು ತೋಳು ಕೊಡ್ಲಿಲ್ಲ, ಅದಕ್ಕೆ ಉಳಿಸ್ಲಿಲ್ಲ. ನೀವು ಕೊಡಿ ಭಾವ.”

ಉಪ್ಪಿನ ಡಬ್ಬಿ ಈ ಕಡೆ ಸರಿಸಿ ಎಂದಷ್ಟು ಸಪ್ಪೆಯಾಗಿ ಹೇಳಿದಳು. ಆ ದನಿಯ ಎದುರು ಹಶ್ಮತ್‌ಗೆ ಜಗಳ ತೆಗೆಯಲು ಏನೂ ಸಿಗಲಿಲ್ಲ. ಅಂಗಿಯ ತೋಳು ಮಡಚಿದ. ಅವಳು ಪಟ್ಟಿ ಸುತ್ತಿ ನೋಡಿದರೆ, ಯಂತ್ರದ ಮುಳ್ಳು ಎಲ್ಲಿ ಇರಬಾರದೋ ಅಲ್ಲಿತ್ತು.

“ಗುಡ್ಡ ಹತ್ತುವಾಗ ಎದೆ ಹಿಡ್ಕೊಳ್ಳುತ್ತಾ?”

ಅವನು ಹೆಂಡತಿಯ ಮುಖ ನೋಡಿದ. “ಒಂದೊಂದ್ಸಲ.”

“ಏಳಿ. ಕೋಟು ಹಾಕ್ಕೊಳ್ಳಿ.”

ಅಂದೇ ಡಾಕ್ಟರಮ್ಮ ನೋಡಿದರು, ಚೀಟಿ ಬರೆದರು. ಖುರ್ರಮಾಬಾದಿನಲ್ಲಿ ಮುಚ್ಚುತ್ತಿದ್ದ ರಕ್ತನಾಳ ತೆರೆದು ಸ್ಟೆಂಟ್ ಹಾಕಿದರು. ಖರ್ಚು ವಿಮೆಯೇ ನೋಡಿಕೊಂಡಿತು. ತಮ್ಮ ಹೇಳಿದ ದಾರಿಯಲ್ಲೇ ಹಶ್ಮತ್ ಹೋಗಿ ಬಂದ.

ಚೇತರಿಸಿಕೊಂಡ ಮೇಲೆ ಒಂದು ಕುರಿಮರಿ ಹಿಡಿದುಕೊಂಡು ಆರೋಗ್ಯ ಮನೆಯ ಬಾಗಿಲಿಗೆ ಬಂದು ನಿಂತ. “ಅವನ ಜೊತೆ ಒಂದ್ ಮಾತು ಆಡ್ಲಿಲ್ಲ ಕಣಮ್ಮ ನಾನು. ಒಂದೇ ಒಂದ್ ಮಾತು,” ಎಂದು ಬಿಕ್ಕಿದ.

ಖಾವರ್ ಒಂದು ಲೋಟ ನೀರು ಕೊಟ್ಟಳು. ಸಿಟ್ಟು ಬರುತ್ತದೇನೋ, ಸಮಾಧಾನವಾದರೂ ಆಗುತ್ತದೇನೋ ಎಂದು ತನ್ನೊಳಗೆ ಕಾದು ನೋಡಿದಳು. ಜೋಮು ಹಿಡಿದ ಕಾಲಿನ ಹಾಗೆ, ಇರುವುದು ಗೊತ್ತು, ಊರಿದರೆ ನೆಲ ತಾಗುವುದಿಲ್ಲ.

“ಮಾತ್ರೆ ತಗೋತಿದೀರಾ?”

“ಹೂಂ.”

“ಉಪ್ಪು?”

ಹಶ್ಮತ್ ಕುರಿಮರಿಯ ಕಿವಿ ಸವರಿದ.

“ಕಮ್ಮಿ ಮಾಡಿ ಭಾವ.”

ಖಾವರ್ ಕಲ್ಲು ಎಂದರು ಊರಿನವರು. ಆದರೂ ಹಶ್ಮತ್ ಬದುಕಿ ಬಂದದ್ದನ್ನು ಕಂಡು, ಚೀಟಿಗಾಗಿ ಬಾಗಿಲಲ್ಲಿ ಜಗಳಕ್ಕೆ ನಿಲ್ಲುವವರು ಕಡಿಮೆಯಾದರು. ಮರುವರ್ಷ ನಿಲೂಫರ್ ಪಟ್ಟಣಕ್ಕೆ ವರ್ಗವಾಗಿ ಹೋದರು, ಬೇರೆ ಡಾಕ್ಟರು ಬಂದರು. ಯದುಲ್ಲಾನ ಜಾಗಕ್ಕೆ ಫರಾಮರ್ಜ್ ಎಂಬವನು ಬಂದ. ಮೊದಲ ದಿನ ಎಲ್ಲಿ ಕೂರಲಿ ಎಂದು ತಡವರಿಸುತ್ತ ನಿಂತಿದ್ದ.

“ಅದೇ ಕುರ್ಚಿ. ಕೂತ್ಕೊ,” ಎಂದಳು ಖಾವರ್. ಚೀಲ ಹೆಗಲಿಗೇರಿಸಿ ಮೇಲಿನ ಕೇರಿಗೆ ಹೊರಟಳು. ಅಲ್ಲೊಬ್ಬಳಿಗೆ ದಿನ ತುಂಬಿತ್ತು.