ಸ್ಟೇಷನ್ನಿಂದ ಹತ್ತು ನಿಮಿಷ

ಐವತ್ತರ ದಶಕದ ನಡುವೆ ಪರೇಲಿನ ನಮ್ಮ ಬಾಡಿಗೆ ಚಾಳಿನವರೆಲ್ಲ ಸೇರಿ ಊರಾಚೆಯ ಭಾಂಡುಪಿನಲ್ಲಿ ಸ್ವಂತ ಮನೆ ಕಟ್ಟಿಕೊಳ್ಳೋಣ ಅಂತ ಸೊಸೈಟಿ ಮಾಡಿಕೊಂಡೆವು. ಧಾರವಾಡ, ವಿಜಾಪುರದ ಕಡೆಯ ಗುಮಾಸ್ತರೇ ಹೆಚ್ಚು. ಉಡುಪಿ ಕಡೆಯ ನಾಲ್ಕು ಮಂದಿ ಹೋಟೆಲ್ ಅಡಿಗೆಯವರೂ ಇದ್ದರು. ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸದವ ನಾನೊಬ್ಬನೇ, ಹಾಗಾಗಿ ಕಾಲೊನಿಯ ನಕ್ಷೆ ನನ್ನ ಪಾಲಿಗೆ ಬಂತು. ಬಂತು ಅಂತ ಯಾಕೆ ಹೇಳಲಿ, ಕಿತ್ತುಕೊಂಡೆ.

ನಕ್ಷೆ ಚೆನ್ನಾಗಿಯೇ ಇತ್ತು, ಅದನ್ನು ಅಲ್ಲಗಳೆಯೋದಿಲ್ಲ. ಬಡವರ ಕೈಗೆಟುಕುವಂಥ ಎರಡೆರಡು ಕೋಣೆಯ ಹೆಂಚಿನ ಮನೆಗಳು, ನಡುವೆ ಬಾವಿ, ಅಲ್ಲಿದ್ದ ನಾಲ್ಕು ಹುಣಸೆ ಮರಗಳಲ್ಲಿ ಒಂದನ್ನೂ ಕಡಿಯದೆ ಬಳಸಿಕೊಂಡು ಸ್ಟೇಷನ್ನಿಗೆ ಹೋಗುವ ದಾರಿ. ಯಾರಿಗೂ ಬಸ್ಸು, ಟಾಂಗಾ ಬೇಡ. ಕಾಯಿಪಲ್ಯೆ, ಸಾಲಿ, ಸ್ಟೇಷನ್ ಎಲ್ಲಕ್ಕೂ ನಡೆದೇ ಹೋಗಬೇಕು ಅನ್ನೋದು ನನ್ನ ಹಟ. ಗಡಿಯಾರ ನೋಡುತ್ತ ನಾನೇ ನಡೆದು ಅಳೆದು, ನಕ್ಷೆಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ‘ಸ್ಟೇಷನ್ನಿಂದ ಹತ್ತು ನಿಮಿಷ’ ಅಂತ ಬರೆದೆ. ಖರೇ ಹೇಳಬೇಕಂದರೆ ನಡೆದಿರಲಿಲ್ಲ. ಬೆಳಿಗ್ಗೆ ಲೋಕಲ್ ರೈಲು ಹಿಡಿಯೋಕೆ ಬಿದ್ದೆನೋ ಎದ್ದೆನೋ ಅಂತ ಹೋಗ್ತೀವಲ್ಲ, ಹಾಗೆ ಹೋಗಿದ್ದೆ.

ಚಾಳಿನ ಅಂಗಳದಲ್ಲಿ ನಕ್ಷೆ ಹಾಸಿ ತೋರಿಸಿದ ಸಂಜೆ ನಮ್ಮ ಮಗ್ಗುಲ ಖೋಲಿಯ ಅಕ್ಕೋರು ಎದ್ದು ನಿಂತರು. ಚಾಳಿನ ಎದುರಿಗಿದ್ದ ಕನ್ನಡ ಸಾಲಿಯಲ್ಲಿ ಕಲಿಸುತ್ತಿದ್ದ ವಿಧವೆ ಅವರು. ಸಣ್ಣವರಿದ್ದಾಗಲೇ ಎಡಗಾಲು ಸೊಟ್ಟಗಾಗಿತ್ತು. ಮೂರನೇ ಮಾಳಿಗೆ ಹತ್ತಿ ಇಳಿಯೋದು ತಪ್ಪುತ್ತದಲ್ಲ ಅಂತ ಸೊಸೈಟಿಗೆ ಸೇರಿದ್ದರು. ಆದರೆ ಭಾಂಡುಪಿಗೆ ಹೋದರೆ ದಿನಾ ಲೋಕಲ್ ಹಿಡಿದು ಸಾಲಿಗೆ ಬರಬೇಕಿತ್ತು.

"ಹತ್ತು ನಿಮಿಷ ಯಾರ ನಡಿಗಿಲೆ ರೀ? ನನಗ ದೂರ ಆಗ್ತೈತಿ ಅನ್ನಿಸ್ತೈತಿ. ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲಂದ್ರ ನನ್ನ ನೌಕರಿ ಹೋದಂಗ. ಆ ಹುಣಸಿ ಗಿಡಗಳ ಬುಡಕ್ಕ ಒಂದೊಂದು ಸಣ್ಣ ಕಟ್ಟಿ ಕಟ್ಟಸ್ರಿ, ಕುಂತು ಕುಂತು ಹೋಗ್ತೀನಿ."

ಎಲ್ಲರೂ ಹೊಗಳುತ್ತಿರುವಾಗ ಇವರೊಬ್ಬರು ಹುಳುಕು ತೆಗೆದರಲ್ಲ ಅಂತ ಮೈಯೆಲ್ಲ ಉರಿಯಿತು. "ಕಟ್ಟಿ ಕಟ್ಟಿದ್ರ ಇಸ್ಪೀಟ್ ಆಡೋ ಮಂದಿ ಬಂದು ಕೂಡ್ತಾರ" ಅಂದೆ. ಅಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು. "ಕುಣೀಲಾರದಾಕಿ ನೆಲಾ ಡೊಂಕು ಅಂದ್ಳಂತ!" ಅಂತ ಸೇರಿಸಿದೆ.

ಜನ ಗೊಳ್ಳೆಂದು ನಕ್ಕರು. ನಕ್ಕು ಮುಗಿದ ಮೇಲೆ ಎಲ್ಲರ ಕಣ್ಣೂ ಅವರ ಕಾಲಿನ ಕಡೆ ಹೋಯಿತು. ಅಕ್ಕೋರು ಸೀರೆಯ ನೆರಿಗೆ ಎಳೆದು ಕಾಲು ಮುಚ್ಚಿಕೊಂಡು, "ಆತ್ರಿ, ಅಳದವರು ನೀವು, ನಿಮಗ ಗೊತ್ತಿರತೈತಿ" ಅಂತ ಕೂತುಬಿಟ್ಟರು. ಆಗಲಾದರೂ ತಪ್ಪಾಯ್ತು ಅನ್ನಬಹುದಿತ್ತು. ನನ್ನ ನಾಲಿಗೆಗೆ ಏನು ದೊಡ್ಡರೋಗ ಬಂದಿತ್ತೋ! ಬಾವಿಯ ವಿಷಯ ತೆಗೆದೆ.

ನನ್ನ ಹತ್ತು ನಿಮಿಷ ನಂಬಿ ಅವರು ಚಾಳಿನ ಖೋಲಿ ಬಿಟ್ಟುಕೊಟ್ಟರು.

ಹೊಸ ಮನೆಗೆ ಹೋದ ಮೊದಲ ವಾರ. ನಾನು ಸ್ಟೇಷನ್ನಿಗೆ ದೌಡಾಯಿಸುತ್ತಿದ್ದೆ. ಎರಡನೇ ಹುಣಸೆಯ ಕೆಳಗೆ ಅಕ್ಕೋರು ಊಟದ ಮಣೆ ಹಾಕಿಕೊಂಡು ಕೂತಿದ್ದರು. ಕೈಚೀಲದಲ್ಲಿ ಮಣೆ ಇಟ್ಟುಕೊಂಡೇ ಮನೆ ಬಿಡುತ್ತಿದ್ದರು. ದಾರಿಯಲ್ಲಿ ನಾಲ್ಕು ಮರ, ನಾಲ್ಕು ಸಲ ಕೂತು ಏಳಬೇಕು. ನನ್ನನ್ನು ಕಂಡು, "ನಿಂದರಬ್ಯಾಡ್ರಿ, ನಿಮ್ಮ ಲೋಕಲ್ ತಪ್ಪತೈತಿ" ಅಂದರು. ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮರುದಿನದಿಂದ ನಾನು ಗದ್ದೆಯ ಬದುವಿನ ಮೇಲಿಂದ ಸ್ಟೇಷನ್ನಿಗೆ ಹೋಗತೊಡಗಿದೆ. ನಾನೇ ಬರೆದ ದಾರಿ ಬಿಟ್ಟು, ಕಳ್ಳನ ಹಾಗೆ!

ಎರಡು ಮಳೆಗಾಲ ಅವರು ತಡೆದುಕೊಂಡರು. ಕೆಸರಿನಲ್ಲಿ ಮಣೆ ಹೂತುಹೋಗುತ್ತಿತ್ತು, ತಡವಾದಾಗೆಲ್ಲ ಸಾಲಿಯಲ್ಲಿ ಮಾತು ಕೇಳಬೇಕಾಗುತ್ತಿತ್ತು. ಕಡೆಗೆ ರಾಜೀನಾಮೆ ಕೊಟ್ಟರು.

ನೌಕರಿಯ ಕೊನೆಯ ದಿನ ಸಂಜೆ ಭಾಂಡುಪಿನಲ್ಲಿ ಅವರು ಲೋಕಲ್‌ನಿಂದ ಇಳಿಯೋದು ಕಂಡಿತು. ಆ ಒಂದು ದಿನ ನಾನು ತಪ್ಪಿಸಿಕೊಳ್ಳಲಿಲ್ಲ. ಚೀಲ ಇಸಿದುಕೊಂಡು ಜೊತೆಗೆ ನಡೆದೆ. ನಾಲ್ಕೂ ಮರದ ಕೆಳಗೆ ನಾನೇ ಮಣೆ ಹಾಕಿ, ಅವರು ಏಳೋವರೆಗೆ ನಿಂತೆ. ನಾಲ್ಕು ಸಲವೂ ‘ತಪ್ಪಾಯ್ತು’ ಅನ್ನೋಣ ಅಂದುಕೊಂಡೆ. ನಾಚಿಕೆಗೆಟ್ಟವನು ನಾನು, ಹವೆಯ ಬಗ್ಗೆ ಮಾತಾಡಿದೆ.

ಅವರ ಮನೆ ಬಾಗಿಲಿಗೆ ಬಂದೆವು. "ಎಷ್ಟು ಹೊತ್ತಾತ್ರಿ?" ಅಂತ ಕೇಳಿದರು.

"ನೋಡ್ಲಿಲ್ರಿ ಅಕ್ಕೋರ" ಅಂದೆ. ಗಡಿಯಾರ ಮಣಿಕಟ್ಟಿನ ಮೇಲೇ ಇತ್ತು.

"ನಾ ದಿನಾ ನೋಡೀನ್ರಿ. ಮೂವತ್ತೈದು." ಚೀಲ ಮಾತ್ರ ತೆಗೆದುಕೊಂಡು, ಮಣೆಯನ್ನು ನನ್ನ ಕೈಯಲ್ಲೇ ಬಿಟ್ಟರು. "ಇದನ್ನ ನೀವ ಇಟ್ಕೋರಿ. ನಾ ಇನ್ನ ಎಲ್ಲಿ ಹೋಗೋದೈತಿ."

ಮಣೆಯನ್ನು ಮನೆಗೆ ತಂದೆ. ಯಾರದು ಅಂತ ಹೆಂಡತಿ ಕೇಳಿದಳು. ದಾರಿಯಲ್ಲಿ ಸಿಕ್ಕಿತು ಅಂದೆ.